ಹುಣಸೆಮರದ ಮೇಲಿಂದ ಬಂದ ವಿಮಾನ

ನಾರಾಯಣಪೇಟೆ
ಜೂನ್ 28, 2025, ಶನಿವಾರ

ನನ್ನ ಕ್ಯಾಪ್ಟನ್ ಸಾಯಿಪ್ರಸಾದ್ ಅವರಿಗೆ,

ತವರಿಗೆ ಬಂದು ಮೂರೇ ದಿನ. ನನಗೆ ಮೂರು ವರ್ಷವಾದಂತಿದೆ, ಪ್ರಾಮಿಸ್! ಆಷಾಢದಲ್ಲಿ ಹೊಸ ಸೊಸೆ ಅತ್ತೆಯ ಹೊಸ್ತಿಲಲ್ಲಿ ಇರಬಾರದು ಎಂದು ನಿಯಮ ಮಾಡಿದವರಿಗೆ ಮದುವೆಯೇ ಆಗಿರಲಿಲ್ಲವೇನೋ.

ಫೋನಿನ ಸಂಗತಿ ಕೇಳಿ. ಬಂದ ದಿನ ಸಂಜೆ ನಿಮಗೆ ವಿಡಿಯೊ ಕಾಲ್ ಮಾಡಿದ್ದೆನಲ್ಲ, ಅರ್ಧಕ್ಕೇ ನಿಂತಿತಲ್ಲ, ಅದು ನೆಟ್‌ವರ್ಕ್ ತಪ್ಪಲ್ಲ. ಬುಚ್ಚಮ್ಮಜ್ಜಿ ಕೈಯಿಂದ ಕಸಿದುಕೊಂಡಳು. "ಆಷಾಢದಾಗ ಗಂಡನ ಮಾರಿ ನೋಡಬಾರ್ದು ಅಂದ್ರ ನೋಡಬಾರ್ದು. ಆ ಡಬ್ಬ್ಯಾಗ ಕಾಣೋದು ಅವನ ಮಾರಿ ಅಲ್ದ ಅವರಪ್ಪನ ಮಾರಿ ಐತೇನು?" ಬರೀ ಮಾತಾಡುತ್ತೇನೆ ಅಂದರೆ, "ದನಿ ಅಂದ್ರ ಅರ್ಧ ಮಾರಿ" ಅಂದಳು. ಫೋನು ಈಗ ಜರಿ ಉಂಡೆಗಳ ತಗಡಿನ ಪೆಟ್ಟಿಗೆಯಲ್ಲಿದೆ, ಬೀಗದ ಕೈ ಅಜ್ಜಿಯ ಸೊಂಟದಲ್ಲಿ. ಕಾಗದಕ್ಕೆ ಮಾತ್ರ ಇಜಾಜತ್ ಸಿಕ್ಕಿದೆ. ಅದೂ ಕನ್ನಡದಲ್ಲೇ ಇರಬೇಕಂತೆ, ಅಂಚೆಗೆ ಹಾಕುವ ಮುಂಚೆ ತಾನು ಓದುತ್ತಾಳಂತೆ. ಅದಕ್ಕೇ ಈ 'ನೀವು', 'ಅವರು' ಎಲ್ಲ. ನನ್ನ ಇಂಗ್ಲಿಷ್ ಮೀಡಿಯಂ ಕೈಗೆ ಇಷ್ಟು ಕನ್ನಡ ಬರೆದು ನೋವೇ ಬಂದಿದೆ.

(ಅಜ್ಜಿ, ಇಲ್ಲಿಂದ ಎರಡು ಸಾಲು ಬಿಟ್ಟು ಓದು.) ನಿಮ್ಮ ಅಂಗಿಯ ವಾಸನೆ, ಅಂದರೆ ಇಸ್ತ್ರಿ ಮತ್ತು ಮಿರ್ಚಿ ಭಜ್ಜಿಯ ವಾಸನೆ, ನನ್ನ ಬ್ಯಾಗಿನಲ್ಲಿ ಇನ್ನೂ ಇದೆ. ಬ್ಯಾಗು ಪೂರ್ತಿ ತೆರೆದಿಲ್ಲ, ಹೋಗಿಬಿಡುತ್ತದೆ ಎಂದು.

ಮದುವೆಯಾದ ಏಳು ವಾರದಲ್ಲಿ ನಾನು ನಮ್ಮ ವಿಮಾನದ ಹೋಟೆಲಿನ ಹುಚ್ಚಿಯಾಗಿಬಿಟ್ಟೆ ನೋಡಿ. ಇಲ್ಲಿ ನೀರಿನ ಕೊಡ ಎತ್ತುವಾಗಲೂ ಅದೇ ನೆನಪು. ಅಂಗಳದಲ್ಲಿ ರೆಕ್ಕೆ ಕಳೆದುಕೊಂಡು ಕುಳಿತ ನಮ್ಮ ಹಳೆಯ ವಿಮಾನ, ಅದರ ಹೊಟ್ಟೆಯೊಳಗೆ ನಲವತ್ತು ಜನ ಉಣ್ಣುವುದು, ಕೀಚ್ ಕೀಚ್ ಎನ್ನುವ ಟ್ರಾಲಿಯಲ್ಲಿ ಜೋಳದ ರೊಟ್ಟಿ ಬರುವುದು. ಅಡುಗೆಯ ತಾಯಪ್ಪ ಪೈಲಟ್ ಟೋಪಿ ಹಾಕಿಕೊಂಡು ಪುಂಡಿಪಲ್ಯ ತಿರುವುವುದು. ಅತ್ತೆ ಮೈಕು ಹಿಡಿದು, "ಪ್ರಯಾಣಿಕರೆಲ್ಲ ಬೆಲ್ಟ್ ಕಟ್ಕೊಳ್ರಿ, ಅನ್ನ ಬರಾಕ ಹತ್ತೈತಿ" ಎನ್ನುವುದು. ನಾನು ನೋಡದ ಮಾವ, ಹೈದರಾಬಾದಿನ ಹಳೆಯ ವಿಮಾನ ನಿಲ್ದಾಣದಲ್ಲಿ ಮೂವತ್ತು ವರ್ಷ ಸಾಮಾನು ಹೊತ್ತು, ನಿಲ್ದಾಣದವರು ಬಿಸಾಡಿದ್ದನ್ನೆಲ್ಲ ಒಂದೊಂದಾಗಿ ಕೂಡಿಟ್ಟು, ಊರಿನ ಪಕ್ಕ ಸಣ್ಣ ನಿಲ್ದಾಣ ಬಂದ ವರ್ಷವೇ ಇದನ್ನು ಕಟ್ಟಿದರು ಎಂದು ನೀವು ಹೇಳಿದಾಗ ನನಗೆ ಅಳು ಬಂದಿತ್ತು. ನಿಮಗೆ ತೋರಿಸಲಿಲ್ಲ.

ಮದುವೆಯಾದ ಮೂರನೆಯ ದಿನ ತಾರಸಿಯ ಮೇಲೆ ನಿಂತು ನೀವು ಕಲಿಸಿದ ಪಾಠ ಮರೆತಿಲ್ಲ. ವಿಮಾನ ಯಾವತ್ತೂ ಗಾಳಿಗೆ ಎದುರಾಗಿ ಇಳಿಯುತ್ತದೆ, ಬೆನ್ನು ಕೊಟ್ಟು ಇಳಿಯುವುದಿಲ್ಲ. ಇವತ್ತು ಹನ್ನೊಂದು ಇಪ್ಪತ್ತಕ್ಕೆ ನಾನು ಮಾಳಿಗೆ ಹತ್ತಿ ಗದ್ವಾಲದ ಕಡೆ ನೋಡುತ್ತ ನಿಂತಿದ್ದೆ, ಹೈದರಾಬಾದಿನಿಂದ ಬರುವ ನಮ್ಮ ಶನಿವಾರದ ವಿಮಾನಕ್ಕೆ. ಕಾಣುವುದಿಲ್ಲ ಎಂದು ಗೊತ್ತು. ಆದರೂ.

ಈಗ ಸೀರಿಯಸ್ ಮಾತು. ನಾನು ಹೊರಡುವ ಹಿಂದಿನ ದಿನ ಆ ಸುದ್ದಿ ಬಂದಿತ್ತಲ್ಲ, ಈ ವಿಮಾನದ ಓಡಾಟ ನಿಲ್ಲಿಸುತ್ತಾರಂತೆ ಎಂದು. ನಿಜವೇ? ವಿಮಾನ ನಿಂತರೆ ಹೋಟೆಲೂ ನಿಲ್ಲುತ್ತದೆ ಎಂದು ನೀವೇ ಅಂದಿರಿ. ಮುಚ್ಚಿಡಬೇಡಿ.

ನೀವು ನಮ್ಮ ಮಗ್ಗದಲ್ಲಿ ನೇಯಿಸಬೇಕೆಂದ ಸೀರೆಯ ವಿಷಯ ಅಪ್ಪನಿಗೆ ಹೇಳಿದೆ. ಬಡಿಸುವ ಆರು ಜನಕ್ಕೆ ಆರು ಸೀರೆ, ಆಕಾಶನೀಲಿ ಮೈ, ಕುಂಬಳಬಣ್ಣದ ಅಂಚು. ಶ್ರಾವಣದ ಮೊದಲ ಶುಕ್ರವಾರ ಎಲ್ಲರೂ ಉಡಬೇಕು.  ಅಪ್ಪ ಮರುಕ್ಷಣವೇ ನೂಲಿನ ಬಣ್ಣ ನೋಡಲು ಎದ್ದು ಹೋದ.

ನಿಮ್ಮ, ಕೇವಲ ನಿಮ್ಮ,
ನವನೀತಾ


ವಿಮಾನ ನಿಲ್ದಾಣ ರಸ್ತೆ, ಗದ್ವಾಲ ತಾಲೂಕು
ಜುಲೈ 3, 2025, ಗುರುವಾರ

ಪ್ರೀತಿಯ ನವನೀತಾ,

ನಿನ್ನ ಕಾಗದ ನಿನ್ನೆ ಸಿಕ್ಕಿತು. ಬಸ್ಸಿನಲ್ಲಿ ಮೂರು ತಾಸಿನ ದಾರಿ, ಕಾಗದಕ್ಕೆ ನಾಲ್ಕು ದಿನ. ಅಜ್ಜಿಯವರಿಗೆ ನಮಸ್ಕಾರ (ಓದುತ್ತಿದ್ದಾರೆಂದು ಗೊತ್ತು). ನನಗೆ ನಿನ್ನಂತೆ ಬರೆಯಲು ಬರುವುದಿಲ್ಲ.

ಇಲ್ಲಿ ಎಲ್ಲ ಸರಿಯಾಗಿದೆ. ಪಡುವಣ ಗಾಳಿ ಜೋರು. ರನ್‌ವೇ ಪಕ್ಕದ ಗಾಳಿಚೀಲ ನೀನು ಹೋದಾಗಿನಿಂದ ಒಮ್ಮೆಯೂ ಜೋತುಬಿದ್ದಿಲ್ಲ, ಹಗಲೆಲ್ಲ ನಮ್ಮ ಹೋಟೆಲಿನ ಕಡೆಗೇ ಸೊಂಡಿಲು ಚಾಚಿರುತ್ತದೆ. ಅವ್ವ ದಿನಾ ನಿನ್ನ ಹೆಸರು ತೆಗೆಯುತ್ತಾಳೆ. "ಆ ಹುಡುಗಿ ಇದ್ರ ಮನಿ ತುಂಬ ರೇಡಿಯೋ ಇದ್ದಂಗ ಇತ್ತು" ಅಂದಳು.

ವಿಮಾನದ ಬಗ್ಗೆ ಕೇಳಿದ್ದೀ. ಚಿಂತೆ ಬೇಡ. ಮೊನ್ನೆ ಮಂಗಳವಾರವೂ ಬಂತು. ನಾನು ತಾರಸಿಯ ಮೇಲಿದ್ದೆ. ಮೊದಲು ಸದ್ದು ಕೇಳಲಿಲ್ಲ, ಬೆಳಕು ಕಂಡಿತು. ಹುಣಸೆಮರದ ಮೇಲಿಂದ ನಿಧಾನಕ್ಕೆ ಕೆಳಗಿಳಿಯಿತು. ಮರದ ಮೇಲಿದ್ದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದು, ವಿಮಾನಕ್ಕೆ ದಾರಿ ಬಿಟ್ಟಂತೆ ಎರಡು ಭಾಗವಾದವು. ಗಾಲಿ ನೆಲಕ್ಕೆ ತಾಗಿದಾಗ ಸಣ್ಣ ಹೊಗೆ. ಅಷ್ಟೇ. ಒಂಬತ್ತು ಜನ ಇಳಿದರು. ನೀನು ಪಕ್ಕದಲ್ಲಿರಬೇಕಿತ್ತು.

ಊಟ ಸರಿಯಾಗಿ ಮಾಡು.

ಸಾಯಿಪ್ರಸಾದ್


ನಾರಾಯಣಪೇಟೆ
ಜುಲೈ 6, 2025, ಭಾನುವಾರ

ಕ್ಯಾಪ್ಟನ್ ಸಾಹೇಬರೇ,

ಬರೆಯಲು ಬರುವುದಿಲ್ಲ ಅಂತೀರಿ! ಆ ಬೆಳ್ಳಕ್ಕಿಗಳು! ನಾನು ಆರು ಸಲ ಓದಿದೆ. ಅಜ್ಜಿಯೂ ಎರಡು ಸಲ ಓದಿ, "ಹುಡುಗ ಛಲೋ ಬರೀತಾನ, ಖರೇ ಅಂದ್ರ ಭಾಳ ಛಲೋ ಬರೀತಾನ" ಎಂದು ಕನ್ನಡಕ ತೆಗೆದು ಯಾಕೋ ಅಪ್ಪನ ಮುಖ ನೋಡಿದಳು. ವಿಮಾನ ಬರುತ್ತಿದೆ, ಅಷ್ಟು ಸಾಕು. ಈ ಸಲ ಕಾಗದ ಎರಡೇ ದಿನಕ್ಕೆ ಸಿಕ್ಕಿತು, ನಿನ್ನೆ ಅನ್ನ ಎರಡನೆಯ ಸಲ ಹಾಕಿಸಿಕೊಂಡೆ.

ಇಲ್ಲಿಯ ಸುದ್ದಿ. ಹಾಸು ಏರಿತು! ನಿಮಗೆ ಇದು ಗೊತ್ತಿಲ್ಲ, ಹೇಳುತ್ತೇನೆ. ನಮ್ಮ ನಾರಾಯಣಪೇಟೆಯಲ್ಲಿ ಒಂದೊಂದು ಸೀರೆಗೆ ಬೇರೆ ಬೇರೆ ಹಾಸು ಇರುವುದಿಲ್ಲ. ಮಗ್ಗಕ್ಕೆ ಉದ್ದದ ಎಳೆಗಳನ್ನು ಏರಿಸಿದರೆ ಒಮ್ಮೆಗೆ ಎಂಟು ಸೀರೆಯಷ್ಟು. ಒಂದಾದ ಮೇಲೊಂದು ಎಂಟೂ ನೇಯ್ದು ಮುಗಿಸಬೇಕು, ಆಮೇಲೇ ಮಗ್ಗಕ್ಕೆ ಬಿಡುವು. "ಅಪ್ಪಾ, ಅವರು ಆರು ಅಂದಿದ್ದಾರೆ" ಅಂದೆ. "ನಿನ್ನ ಗಂಡಗ ಆರು ಇರಬಹುದು ತಾಯಿ, ಮಗ್ಗಕ್ಕ ಎಂಟೇ ಗೊತ್ತು" ಅಂದ. ಉಳಿದ ಎರಡು ಯಾರಿಗೆ ಎಂದು ನಾನೂ ಅಜ್ಜಿಯೂ ಜಗಳವಾಡುತ್ತಿದ್ದೇವೆ.

ಅಪ್ಪ ಆರಾಮಾಗಿದ್ದಾನೆ. ಬೆಳಗಿನಿಂದ ಲಾಳಿಯ ಸದ್ದು. ನಾನು ಶಾಲೆಯ ಬ್ಯಾಗು ಹೆಗಲಿಗೇರಿಸಿ ಇದೇ ಸದ್ದಿನ ಮಧ್ಯೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತಿದ್ದೆ. ಟಕ್ ಟಕ್‌ಗೆ ಸರಿಯಾಗಿ ಪದ್ಯ ಹೇಳಿ ಹೇಳಿ, ತರಗತಿಯಲ್ಲಿ ಸದ್ದಿಲ್ಲದಿದ್ದರೆ ಮರೆತೇ ಹೋಗುತ್ತಿತ್ತು. ಟೀಚರು ಬೆಂಚು ಕುಟ್ಟಿದರೆ ನೆನಪಾಗುತ್ತಿತ್ತು! ಆಗ ಈ ಸದ್ದು ಯಾವಾಗ ನಿಲ್ಲುತ್ತದೋ ಅನಿಸುತ್ತಿತ್ತು. ಈಗ ನಡುವೆ ನಿಂತರೆ ತಲೆ ಎತ್ತಿ ನೋಡುತ್ತೇನೆ. ನಾನು ಬರೀ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ, ಅಷ್ಟೇ ಕೆಲಸ.

ಅಂಚಿನಲ್ಲಿ ಸಾಲುಸಾಲು ಗುಡಿ ಬರುತ್ತವೆ, ನಮ್ಮ ಊರಿನ ಗುರುತು. ಪುಟ್ಟ ವಿಮಾನ ಹಾಕಪ್ಪಾ ಅಂದೆ. "ಗುಡಿ ಹಾರಂಗಿಲ್ಲ, ವಿಮಾನ ನಿಲ್ಲಂಗಿಲ್ಲ. ನಿಲ್ಲೋದನ್ನ ನೇಯೋನು ನಾನು" ಅಂದ.

ಇನ್ನೂ ಹತ್ತೊಂಬತ್ತು ದಿನ! ನೀವು ಮಾಡಿಕೊಟ್ಟ ಬೋರ್ಡಿಂಗ್ ಪಾಸ್, 'ಸೀಟು 1ಎ, ಮರುಪ್ರಯಾಣ ಶ್ರಾವಣ ಶುದ್ಧ ಪಾಡ್ಯ', ದಿಂಬಿನ ಕೆಳಗಿದೆ.

ನಿಮ್ಮ ನವನೀತಾ


ವಿಮಾನ ನಿಲ್ದಾಣ ರಸ್ತೆ
ಜುಲೈ 8, 2025, ಮಂಗಳವಾರ

ನವನೀತಾ,

ನಿನ್ನಿಂದ ಕಾಗದ ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಮಾವನವರಿಗೆ ಒಂದು ಮಾತು ಹೇಳಬೇಕು. ಸೀರೆಗೆ ಅವಸರವಿಲ್ಲ. ನೇಯಲು ಇನ್ನೂ ಶುರು ಮಾಡಿಲ್ಲವಾದರೆ ಸದ್ಯಕ್ಕೆ ಬೇಡವೇ ಬೇಡ. ಅವರಿಗೆ ಸುಮ್ಮನೆ ತೊಂದರೆ. ಹೋಟೆಲಿನಲ್ಲಿ ಸೀರೆಯೇ ಆಗಬೇಕೆಂದೇನಿಲ್ಲ, ಈಗ ಉಡುತ್ತಿರುವುದೂ ನಡೆಯುತ್ತದೆ.

ಬೇಸರ ಮಾಡಿಕೊಳ್ಳಬೇಡ. ಕಾರಣ ನೀನು ಬಂದ ಮೇಲೆ ಹೇಳುತ್ತೇನೆ.

ಸಾಯಿಪ್ರಸಾದ್


ನಾರಾಯಣಪೇಟೆ
ಜುಲೈ 12, 2025

ಶ್ರೀ ಸಾಯಿಪ್ರಸಾದ್ ಅವರಿಗೆ,

ಕಾರಣ ನನಗೆ ಗೊತ್ತಿದೆ. ಮದುವೆಯಲ್ಲಿ ನಿಮ್ಮ ಹೈದರಾಬಾದ್ ಚಿಕ್ಕಮ್ಮ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. "ಏರ್ ಹೋಸ್ಟೆಸ್ ಹಂಗ ಕೋಟು ಹಾಕಸ್ರಿ, ಈ ಕೈಮಗ್ಗದ ಸೀರಿ ಉಡಿಸಿದ್ರ ಹೋಟೆಲ್ ಹೋಗಿ ಮಠ ಆಗ್ತೈತಿ." ಆಗ ನೀವು ನಕ್ಕಿರಿ. ನಾನು ಅದನ್ನು ಮರ್ಯಾದೆಯ ನಗೆ ಅಂದುಕೊಂಡಿದ್ದೆ.

ಹಾಸು ಏರಿ ವಾರವಾಯಿತು. ಮೂರು ಸೀರೆ ಮುಗಿದಿವೆ. ನಿಮ್ಮ ಕಾಗದ ಅಪ್ಪನಿಗೆ ಓದಿ ಹೇಳಿಲ್ಲ. ಅಜ್ಜಿ ಓದಿದಳು, ಮಡಚಿ ಕೊಟ್ಟಳು.

ನಿಮಗೆ ಬೇಡವಾದರೆ ನಾನೇ ಎಂಟೂ ಉಡುತ್ತೇನೆ, ಒಂದರ ಮೇಲೊಂದು.

ನವನೀತಾ


ಜುಲೈ 16, 2025

ನವನೀತಾ, ಇದು ಕಾರ್ಡು, ಜಾಗವಿಲ್ಲ. ನೀನು ತಿಳಿದದ್ದು ತಪ್ಪು. ಸೀರೆ ಬೇಡವೆಂದದ್ದು ನಾಚಿಕೆಯಿಂದಲ್ಲ. ನಿನ್ನೆಯೂ ವಿಮಾನ ತುಂಬಿ ಬಂತು, ಎಲ್ಲ ಸರಿಯಿದೆ. ಕೋಪ ಬಿಡು. ಸಾಯಿ.


ನಾರಾಯಣಪೇಟೆ
ಜುಲೈ 19, 2025, ಶನಿವಾರ

ಸಾಯಿಪ್ರಸಾದ್ ಅವರೇ,

ನಿನ್ನೆ ಮಧ್ಯಾಹ್ನ ನಾನು ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕುಳಿತಿದ್ದೆ. ಯಾಕೆ ನಾನು ಕುಳಿತಿದ್ದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಗಾಳಿ ಬೀಸಿ ಎಳೆಗಳು ಹಾರತೊಡಗಿದವು. ಅಜ್ಜಿ ಒಳಗಿಂದ ಕೂಗಿದಳು, "ಪಡುವಣ ಕಿಟಕಿ ಹಾಕೇ, ಆಷಾಢದ ಗಾಳಿ ಮತ್ಯಾವ ದಿಕ್ಕಿಂದ ಬರ್ತೈತಿ ಅನ್ಕೊಂಡಿ?"

ಕಿಟಕಿ ಹಾಕಿದೆ. ಕೈ ಚಿಲಕದ ಮೇಲೇ ನಿಂತಿತು.

ನಿಮ್ಮ ಮೊದಲ ಕಾಗದ ತೆಗೆದು ನೋಡಿದೆ. ಪಡುವಣ ಗಾಳಿ ಜೋರು, ಗಾಳಿಚೀಲ ದಿನವೂ ಹೋಟೆಲಿನ ಕಡೆಗೆ ಚಾಚಿದೆ ಎಂದು ನೀವೇ ಬರೆದಿದ್ದೀರಿ. ಹೋಟೆಲ್ ಇರುವುದು ಮೂಡಣಕ್ಕೆ, ಹುಣಸೆಮರ ಇರುವುದು ಪಡುವಣಕ್ಕೆ. ಗಾಳಿಗೆ ಎದುರಾಗಿ ಇಳಿಯುವ ವಿಮಾನ ನಮ್ಮ ತಾರಸಿಯ ಮೇಲಿಂದ ಬರಬೇಕಿತ್ತು. ಹುಣಸೆಮರದ ಮೇಲಿಂದ ಬಂದರೆ ಅದು ಗಾಳಿಗೆ ಬೆನ್ನು ಕೊಟ್ಟಂತೆ. ಅಂಥ ಪೈಲಟ್ ಇಲ್ಲ ಎಂದು ಪಾಠ ಹೇಳಿದವರೂ ನೀವೇ.

ಏಳು ವಾರದಲ್ಲಿ ವಿಮಾನ ಹುಣಸೆಮರದ ಕಡೆಯಿಂದ ಬಂದದ್ದು ಒಂದೇ ಸಲ. ಮದುವೆಯಾದ ಮೂರನೆಯ ದಿನ. ಮೂಡಣದಲ್ಲಿ ಮಳೆ ಎದ್ದು ಗಾಳಿ ತಿರುಗಿತ್ತು. ಬೆಳ್ಳಕ್ಕಿಗಳು ಎರಡು ಭಾಗವಾದವು. ಒಂಬತ್ತು ಜನ ಇಳಿದರು, ನಾನೇ ಎಣಿಸಿದ್ದೆ. ನೀವು ನನಗೆ ಕಳಿಸಿದ್ದು ನಮ್ಮ ವಿಮಾನವನ್ನೇ. ನೀವು ಬರೆದ ಆ ಮಂಗಳವಾರ ವಿಮಾನವೇ ಇರಲಿಲ್ಲ, ಅಲ್ಲವೇ?

ಅಪ್ಪನ ಹತ್ತಿರ ಹೋಗಿ, ಸೀರೆ ಬೇಡವೆಂದ ನಿಮ್ಮ ಕಾಗದವನ್ನೂ ಓದಿ ಹೇಳಿ ಅತ್ತುಬಿಟ್ಟೆ. ಅಪ್ಪ, "ಹೌದು, ನಿಂತೈತಿ" ಅಂದ. ನಾನು ಬಂದ ಮರು ವಾರವೇ ಸಂತೆಯಲ್ಲಿ ಗದ್ವಾಲದವರು ಹೇಳಿದ್ದರಂತೆ. ಅಜ್ಜಿಗೂ ಗೊತ್ತಂತೆ. ನಿಮ್ಮ ಬೆಳ್ಳಕ್ಕಿ ಓದಿದಾಗ ಅವಳು ಅಪ್ಪನ ಮುಖ ನೋಡಿದ್ದು ಅದಕ್ಕೇ!

"ಗೊತ್ತಿದ್ದೂ ಹಾಸು ಏರಿಸಿದೆಯಾ ಅಪ್ಪಾ?"

"ವಿಮಾನ ನಿಂತೈತಿ ತಾಯಿ, ಅಳಿಯ ನಿಂತಿಲ್ಲಲ್ಲ. ಬ್ಯಾಡ ಅಂತ ಅವನ ಬಾಯಿಂದ ಬರ್ಲಿ ಅಂತ ಕುಂತಿದ್ನಿ. ಬರೋದ್ರಾಗ ಹಾಸು ಏರಿತ್ತು. ಏರಿದ ಹಾಸು ನಡುವ ಕೊಯ್ಯಾಕ ಬರಂಗಿಲ್ಲ."

ಈಗ ನನ್ನ ಸುಳ್ಳು. ಅಪ್ಪ ಆರಾಮಾಗಿಲ್ಲ. ಮೊಣಕಾಲು ಊದಿಕೊಂಡು ಮಗ್ಗ ತುಳಿಯಲು ಆಗುತ್ತಿಲ್ಲ. ಇದೇ ಕೊನೆಯ ಹಾಸು, ಆಮೇಲೆ ಮಗ್ಗ ತೆಗೆದು ಕುಣಿ ಮುಚ್ಚುತ್ತೇನೆ ಎಂದು ನಾನು ಬಂದ ದಿನವೇ ಹೇಳಿದ್ದ. "ಅಳಿಯಗ ಬರೀಬ್ಯಾಡ, ತನ್ನ ಸೀರಿಗಾಗಿ ಮಾವ ಕಾಲು ಮುರ್ಕೊಂಡ ಅಂತ ತಿಳೀತಾನ" ಅಂದ. ಐದು ಸೀರೆ ಅವನು ನೇಯ್ದ. ಆರನೆಯದರಿಂದ ನಾನು ಕುಳಿತಿದ್ದೇನೆ. ಚಿಕ್ಕಂದಿನಲ್ಲಿ ಕಲಿತದ್ದು ಕಾಲಿಗೆ ನೆನಪಿತ್ತು.

ಅಂದರೆ ಇಬ್ಬರೂ ಒಂದೇ ಶಾಲೆಯವರು. ಇನ್ನು ನಿಜ ಬರೆಯಿರಿ. ಪೂರ್ತಿ.

ನವನೀತಾ


ವಿಮಾನ ನಿಲ್ದಾಣ ರಸ್ತೆ
ಜುಲೈ 22, 2025, ಮಂಗಳವಾರ

ನವನೀತಾ,

ಅಂಚೆಯನ್ನು ನಂಬಿ ಕೂರುವಂತಿಲ್ಲ, ತಾಯಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ.

ಕೊನೆಯ ವಿಮಾನ ಬಂದದ್ದು ಜೂನ್ 28, ಶನಿವಾರ. ನೀನು ಮಾಳಿಗೆಯ ಮೇಲೆ ನಿಂತು ಈ ಕಡೆ ನೋಡುತ್ತಿದ್ದೆನೆಂದು ಬರೆದ ಅದೇ ದಿನ, ಅದೇ ಹೊತ್ತು. ಒಬ್ಬನೇ ಇಳಿದ, ಯಾರೂ ಹತ್ತಲಿಲ್ಲ. ಪ್ರಯಾಣಿಕರಿಲ್ಲವೆಂದು ನಿಲ್ಲಿಸಿದ್ದಾರೆ, ಮತ್ತೆ ಬರುವ ಮಾತಿಲ್ಲ. ಬಂದ ಜಾಗಕ್ಕೇ ತಿರುಗಿ ಹಾರಿ ಹೋಯಿತು. ಅದನ್ನು ಬರೆಯಲು ಕುಳಿತೆ. ಕೈ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಆ ಮೂರನೆಯ ದಿನದ ವಿಮಾನವೇ ಬಂತು, ಅದನ್ನೇ ಬರೆದೆ. ಗಾಳಿ ನೋಡಲು ಮರೆತೆ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಈಗ ರನ್‌ವೇ ಮೇಲೆ ಕುರಿ ಮಲಗುತ್ತವೆ. ಅವ್ವ ಮಾತ್ರ ಮಂಗಳವಾರ, ಶನಿವಾರ ಹನ್ನೊಂದು ಇಪ್ಪತ್ತಕ್ಕೆ ಮೈಕು ಹಿಡಿದು, "ಹೈದರಾಬಾದಿಂದ ಬರೋ ವಿಮಾನ ಸ್ವಲ್ಪ ತಡ ಐತ್ರಿ" ಅಂತಾಳೆ. ಊಟಕ್ಕೆ ಕೂತವರು ನಗುತ್ತಾರೆ. ಅವಳು ನಗುವುದಿಲ್ಲ.

ಇನ್ನೊಂದಿದೆ. ಅಂಗಳದ ವಿಮಾನ ಕೊಯ್ದು ಒಯ್ಯಲು ಗುಜರಿಯವನು ಈ ಶನಿವಾರ, 26ಕ್ಕೆ ಬರುತ್ತಾನೆ. ಒಪ್ಪಿದ್ದೇನೆ. ವಿಮಾನವಿಲ್ಲದ ಊರಿನಲ್ಲಿ ವಿಮಾನದ ಹೋಟೆಲ್ ಇಟ್ಟುಕೊಂಡು ಕೂರುವುದು ನಗೆಪಾಟಲು ಅನಿಸಿತು. ನೀನು ಶುಕ್ರವಾರ ಬಂದು ಒಂದು ದಿನ ಕಣ್ತುಂಬ ನೋಡಲಿ ಎಂದು ಶನಿವಾರ ಹೇಳಿದ್ದೆ. ಅದನ್ನೂ ನಿನಗೆ ಹೇಳದೆ. ಸೀರೆ ಬೇಡವೆಂದದ್ದೂ ಇದಕ್ಕೇ.

ಮಾವನವರ ಮೊಣಕಾಲು ತಿಳಿದಿದ್ದರೆ ನಾನು ಸೀರೆಯ ಮಾತೇ ಎತ್ತುತ್ತಿರಲಿಲ್ಲ. 

ಸಾಯಿ


ನಾರಾಯಣಪೇಟೆ
ಜುಲೈ 23, 2025, ಬುಧವಾರ

ಸಾಯಿ,

ತಾಯಪ್ಪ ತಂದ ನಿನ್ನ ಕಾಗದ ಅಜ್ಜಿ ಓದಿಲ್ಲ. ಓದಲು ಕೊಟ್ಟೆ, "ಇದು ನಿಮ್ಮಿಬ್ರದು, ಒಯ್" ಎಂದು ತಿರುಗಿ ಕೊಟ್ಟಳು. ಇದನ್ನೂ ಓದುವುದಿಲ್ಲವಂತೆ, ಅದಕ್ಕೇ 'ನೀನು' ಅನ್ನುತ್ತಿದ್ದೇನೆ. ತಾಯಪ್ಪ ಪಡಸಾಲೆಯಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಊಟ ಮಾಡುತ್ತಿದ್ದಾನೆ, ಅವನು ಕೈ ತೊಳೆಯುವುದರೊಳಗೆ ಬರೆದು ಮುಗಿಸಬೇಕು. ಅಜ್ಜಿ ಅವನನ್ನು, "ಏನಪ್ಪಾ ಪೈಲಟ್ಟು, ವಿಮಾನ ಎಲ್ಲಿ ಬಿಟ್ಟು ಬಂದಿ?" ಎಂದು ಕಾಡುತ್ತಿದ್ದಾಳೆ. "ಮನ್ಯಾಗ ಐತ್ರಿ ಅವ್ವ, ಶನಿವಾರದ ತನಕ" ಅಂದ. ಅಜ್ಜಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಸಾಯಿ, ಒಂದು ಮಾತು ಕೇಳು. ಏಳು ವಾರ ನಾನು ಬಾಗಿಲಲ್ಲಿ ನಿಂತು ಎಲ್ಲರಿಗೂ ಬೋರ್ಡಿಂಗ್ ಪಾಸ್ ಹರಿದು ಕೊಟ್ಟವಳು. ಯಾರು ಬಂದರು ಎಂದು ನನಗೆ ಮುಖಗಳ ಸಮೇತ ನೆನಪಿದೆ. ವಿಮಾನದಿಂದ ಇಳಿದವರು ಕಾರು ಹತ್ತಿ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಕುಳಿತವರು ಒಬ್ಬಿಬ್ಬರು, ಅದೂ ಚಹಾಕ್ಕೆ. ಆ ನಲವತ್ತು ಸೀಟು ತುಂಬಿಸಿದವರು ಯಾರು? ಶಾಂತಿನಗರದಿಂದ ಹೆಣ್ಣು ನೋಡಲು ಬಂದ ಬೀಗರು. ಮಾನೋಪಾಡಿನ ಶಾಲೆಯ ಮಕ್ಕಳು, ಊಟ ಮುಗಿದರೂ ಬೆಲ್ಟ್ ಬಿಚ್ಚದೆ ಕೂತವು. ಕೆ.ಟಿ. ದೊಡ್ಡಿಯಿಂದ ಟ್ರ್ಯಾಕ್ಟರ್ ಮಾಡಿಕೊಂಡು ಬಂದ ಹತ್ತಿ ಬಿಡಿಸುವ ಹೆಂಗಸರು. ಅವರಲ್ಲೊಬ್ಬಳು ಕಿಟಕಿಗೆ ಹಣೆಯಿಟ್ಟು, "ಯವ್ವಾ, ನೆಲ ಎಷ್ಟು ಕೆಳಗ ಐತಿ" ಅಂದಳು. ನೆಲ ನಾಲ್ಕು ಅಡಿ ಕೆಳಗಿತ್ತು. ಉಳಿದವರೆಲ್ಲ ನಕ್ಕರು, ಆಮೇಲೆ ಒಬ್ಬೊಬ್ಬರೇ ಅದೇ ಕಿಟಕಿಗೆ ಹಣೆಯಿಟ್ಟರು.

ಅವರಲ್ಲಿ ಯಾರೂ ನಿಲ್ದಾಣದ ಗೇಟು ದಾಟಿದವರಲ್ಲ. ಹಾರುವ ವಿಮಾನ ಅವರಿಗೆ ಮೊದಲೂ ನಿಂತೇ ಇತ್ತು. ಅವರು ಬಂದದ್ದು ಮಾವ ತಂದಿಟ್ಟ ಹಾರದ ವಿಮಾನಕ್ಕೆ. ಅದನ್ನು ನೀನು ಶನಿವಾರ ಕೊಯ್ಯಿಸುತ್ತೀಯಾ?

ನಡೆಯುತ್ತದೆ ಎಂದು ಪ್ರಾಮಿಸ್ ಮಾಡಲಾರೆ. ಒಂದು ವರ್ಷಕ್ಕೆ ನಿಲ್ಲಲೂಬಹುದು. ಆದರೆ ಇದೊಂದು ಕೇಳು. ನಿನ್ನೆ ಎಂಟನೆಯ ಸೀರೆ ಮುಗಿಯಿತು. ಮಗ್ಗದಿಂದ ಕೊಯ್ಯುವ ಕೆಲಸ ಅಪ್ಪನದೇ. ಕುಂಟುತ್ತ ಬಂದು ಕೊಯ್ದ. ಮಗ್ಗ ಮುಚ್ಚುವವನು ಹಾಸು ಹಾಯುವ ಹಣಿಗೆಯೊಳಗೆ ಉಳಿದ ತುದಿ ಎಳೆಗಳನ್ನೂ ಕಿತ್ತು ತೆಗೆಯುತ್ತಾನೆ. ಇನ್ನೂ ನೇಯುವವನು ಗೇಣುದ್ದ ಬಿಡುತ್ತಾನೆ, ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ತುದಿಗೇ ಹೊಸೆಯಬೇಕು. ನಾನು ನೋಡುತ್ತಿದ್ದೆ. ಅಪ್ಪ ಕತ್ತರಿ ಕೆಳಗಿಟ್ಟ. ತುದಿಗಳು ಹಾಗೇ ಇದ್ದವು.

"ಕೊನೀ ಹಾಸು ಅಂದಿದ್ದಲ್ಲಪ್ಪಾ, ಇದ್ಯಾಕ ಬಿಟ್ಟಿ?"

"ಇರ್ಲಿ ಬಿಡು. ಅದೇನು ಕೂಳು ಬೇಡತೈತೇನು?"

ಮುಂದಿನ ಹಾಸು ಯಾರು ನೇಯುತ್ತಾರೋ ಗೊತ್ತಿಲ್ಲ.  ನಮ್ಮ ವಿಮಾನವೂ ಕೂಳು ಬೇಡುವುದಿಲ್ಲ ಸಾಯಿ. ಅದು ಕೂಳು ಹಾಕುತ್ತದೆ.

ಆರು ಸೀರೆ ತಾಯಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಆರನೆಯದು ಸ್ವಲ್ಪ ಬಿಗಿ ಕಡಿಮೆ, ನಾನು ನೇಯ್ದದ್ದು, ಟ್ರಾಲಿ ತಳ್ಳುವವಳಿಗೆ ಕೊಡು, ಬಯ್ಯುವುದಿಲ್ಲ. ಏಳನೆಯದು ಅತ್ತೆಗೆ, ನಾನೇ ತರುತ್ತೇನೆ. ಎಂಟನೆಯದರ ಅಂಚಿನಲ್ಲಿ ಒಂದು ಗುಡಿ ತಪ್ಪಿಹೋಗಿದೆ. ನಿನ್ನ ಕಾರ್ಡು ಬಂದ ಹೊತ್ತಿಗೆ ನೇಯುತ್ತಿದ್ದೆ, ಕಣ್ಣು ಮಂಜಾಗಿತ್ತು. ಬಿಚ್ಚಿ ಸರಿಮಾಡು ಅಂದಳು ಅಜ್ಜಿ. ಮಾಡಲಿಲ್ಲ. ಅದು ನನ್ನದು.

ಶುಕ್ರವಾರ ಬೆಳಿಗ್ಗೆ ಎಂಟರ ಬಸ್ಸು ಹಿಡಿದು ಮಕ್ತಲ್‌ನಲ್ಲಿ ಬದಲಿಸಿ ಬರುತ್ತೇನೆ. ಹನ್ನೊಂದು, ಹನ್ನೊಂದು ಇಪ್ಪತ್ತರ ಸುಮಾರಿಗೆ ಮುಟ್ಟಬಹುದು. ಅತ್ತೆಗೆ ಮೈಕು ಹಿಡಿದು ನಿಲ್ಲಲು ಹೇಳು. ನೀನು ಮಾತ್ರ ಗಾಳಿಚೀಲ ನೋಡುತ್ತ ತಾರಸಿಯ ಮೇಲೆ ನಿಲ್ಲಬೇಡ. ಗಾಳಿ ಎತ್ತ ಬೀಸಿದರೂ ಬಸ್ಸು ರಸ್ತೆಯ ಕಡೆಯಿಂದಲೇ ಬರುತ್ತದೆ. ಗೇಟಿಗೆ ಬಾ.

ನಿನ್ನ
ನವನೀತಾ
ಸೀಟು 1ಎ